12 ಟನ್ ಕಬ್ಬಿಣ ನಿಧಾನವಾಗಿಯೇ ಏಳುತ್ತದೆ

ಸಂಪಾದಕರೇ,

ರೋಬೊಟ್ ಕಾಳಗದ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಒಳಗೆ ಮನುಷ್ಯರೇ ಕೂತು ಓಡಿಸುವ ದೈತ್ಯ ರೋಬೊಟ್‌ಗಳ 2017ರ ಅಮೆರಿಕ-ಜಪಾನ್ ಪಂದ್ಯವನ್ನು ಬರೆದವರು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆಮೆ ವೇಗ, ಎಲ್ಲಾ ನಾಟಕ ಅಂತ. ನಾಟಕ ಅನ್ನುವುದನ್ನು ಅರ್ಧ ಒಪ್ಪುತ್ತೇನೆ. ಆಮೆ ವೇಗ ಅನ್ನುವುದಕ್ಕೆ ಮಾತ್ರ ನನ್ನ ತಕರಾರಿದೆ. ಮಣ್ಣು ಅಗೆಯುವ ಗಾಡಿಗಳ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಆಡುವ ಭಾಗಗಳ, ರಿಪೇರಿ ಮಾಡಿಯೇ ಹೊಟ್ಟೆ ಹೊರೆಯುವವನು ನಾನು, ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ಆ ಪಂದ್ಯ ಪ್ರಸಾರವಾದಾಗ ಅಮೆರಿಕದಲ್ಲಿ ಅಕ್ಟೋಬರ್ 17ರ ಸಂಜೆ, ನಮಗೆ 18ರ ಬೆಳಿಗ್ಗೆ. ಅವತ್ತು ನರಕ ಚತುರ್ದಶಿ. ಎಣ್ಣೆ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಲೇ ಮೊಬೈಲ್ ಹಿಡಿದು ಕೂತಿದ್ದೆ. ಎರಡು ವರ್ಷ ಕಾದಿದ್ದೆನಲ್ಲ! 2015ರಲ್ಲಿ ಇಂಥ ರೋಬೊಟ್ ಕಟ್ಟುವ ಅಮೆರಿಕದ ಮೆಗಾಬಾಟ್ಸ್ ಕಂಪನಿ ಯೂಟ್ಯೂಬ್‌ನಲ್ಲಿ ಸವಾಲು ಹಾಕಿತ್ತು. ಜಪಾನಿನ ಕೊಗೊರೊ ಕುರಾಟ ಒಪ್ಪಿಕೊಂಡರು, ಆದರೆ ದೂರ ನಿಂತು ಗುಂಡು ಹಾರಿಸಿದರೆ ಸಾಲದು, ಕೈಕೈ ಮಿಲಾಯಿಸಬೇಕು ಎಂದು ಷರತ್ತು ಹಾಕಿದರು. ಕುರಾಟ ಕಬ್ಬಿಣ ಬಡಿದು ಕಲೆ ಮಾಡುವ ಮನುಷ್ಯ. ನನ್ನ ಪಕ್ಷ ಅವತ್ತೇ ಗೊತ್ತಾಗಿಹೋಯಿತು.

ಜಪಾನಿನಲ್ಲಿ ಮುಚ್ಚಿಹೋದ ಒಂದು ಉಕ್ಕಿನ ಕಾರ್ಖಾನೆಯೇ ಅಖಾಡ. ಕುರಾಟ ಅವರ ರೋಬೊಟ್ ಕುರಾಟಾಸ್ 13 ಅಡಿ ಎತ್ತರ, ಸುಮಾರು 6.5 ಟನ್. ಚಕ್ರದ ಮೇಲೆ ನೇರ ನುಗ್ಗಿ, ಅಮೆರಿಕದ ಮೊದಲ ರೋಬೊಟ್ ಐರನ್ ಗ್ಲೋರಿಗೆ ಒಂದೇ ಗುದ್ದು ಕೊಟ್ಟು ಅಂಗಾತ ಕೆಡವಿತು. ನಾನು ಕೂಗಿದ ಕೂಗಿಗೆ ಹೆಂಡತಿ ಒಳಗಿನಿಂದ ಓಡಿ ಬಂದಳು. ಆಮೇಲೆ ಬಂತು ಅಮೆರಿಕದವರ ಎರಡನೇ ರೋಬೊಟ್ ಈಗಲ್ ಪ್ರೈಮ್. 16 ಅಡಿ, 12 ಟನ್, 430 ಅಶ್ವಶಕ್ತಿಯ ಎಂಜಿನ್, ಒಳಗೆ ಇಬ್ಬರು. ತೂಕ ಹೆಚ್ಚುಕಮ್ಮಿ ದುಪ್ಪಟ್ಟು. ನಮ್ಮ ಕುಸ್ತಿ ಕಣದಲ್ಲಾದರೆ ಈ ಜೋಡಿ ಬಿಡುತ್ತಲೇ ಇರಲಿಲ್ಲ. ಕುರಾಟ ಒಂದು ಡ್ರೋನ್ ಕೂಡ ಹಾರಿಬಿಟ್ಟರು, ಅದೂ ಏಟು ತಿಂದು ಉದುರಿತು. ಕೊನೆಗೆ ಈಗಲ್ ಪ್ರೈಮ್ ದೊಡ್ಡ ಯಂತ್ರ ಗರಗಸ ತಂದು ಕೊಯ್ಯತೊಡಗಿತು. ಜಪಾನ್ ಸೋತಿತು.

ಈಗ ವೇಗದ ಮಾತು. ಈ ರೋಬೊಟ್‌ಗಳ ಕೈ ಆಡುವುದೂ ನಮ್ಮ ಗಾಡಿಗಳ ಹಾಗೆ ಆಯಿಲ್ ಒತ್ತಡದಿಂದಲೇ: ಪಂಪು ಸಿಲಿಂಡರ್‌ಗೆ ಆಯಿಲ್ ತುಂಬುತ್ತದೆ, ಅದು ಒಳಗಿನ ರಾಡನ್ನು ಹೊರಗೆ ತಳ್ಳುತ್ತದೆ. ಪಂಪು ನಿಮಿಷಕ್ಕೆ ಕೊಡುವ ಆಯಿಲ್‌ಗೆ ಒಂದು ಮಿತಿ ಇರುತ್ತದೆ. ಸಿಲಿಂಡರ್ ದಪ್ಪವಾದಷ್ಟೂ ತಳ್ಳುವ ಬಲ ಜಾಸ್ತಿ, ಆದರೆ ಅದು ತುಂಬಲು ಆಯಿಲ್ ಕೂಡ ಜಾಸ್ತಿ ಬೇಕು, ಹಾಗಾಗಿ ರಾಡ್ ಹೊರಗೆ ಬರುವುದು ನಿಧಾನ. ಬೇಗ ಬರಬೇಕೆಂದರೆ ದೊಡ್ಡ ಪಂಪು ಬೇಕು, ಅದನ್ನು ತಿರುಗಿಸಲು ದೊಡ್ಡ ಎಂಜಿನ್ ಬೇಕು, ಎಂಜಿನ್ ದೊಡ್ಡದಾದರೆ ತೂಕ ಏರಿತು, ತೂಕ ಏರಿದರೆ ಮತ್ತೆ ಸಿಲಿಂಡರ್ ದಪ್ಪ ಮಾಡಬೇಕು, ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು! ಮೇಲಾಗಿ ಬೀಸಿದ ಕೈಯನ್ನು ನಿಲ್ಲಿಸುವುದೂ ಇದೆ. ಟನ್‌ಗಟ್ಟಲೆ ಭಾರವನ್ನು ಥಟ್ಟನೆ ತಡೆದರೆ ಆಯಿಲ್ ಒತ್ತಡ ಏರಿ ಹೋಸ್ ಒಡೆಯಬಹುದು, ಸೀಲ್ ಕಿತ್ತು ಹೋಗಬಹುದು. ಒಳಗೆ ಉಸಿರಾಡುವ ಮನುಷ್ಯ ಬೇರೆ ಕೂತಿದ್ದಾನೆ, ಅಷ್ಟೆತ್ತರದಿಂದ ಬಿದ್ದರೆ ಕುತ್ತಿಗೆ ಯಾರದು? ಐರನ್ ಗ್ಲೋರಿ ಬಿದ್ದಾಗ ನಾನು ಮೊದಲು ಕೂಗಿದೆ ನಿಜ, ಮರುಕ್ಷಣ ಒಳಗಿದ್ದವರ ಗತಿ ಏನಾಯಿತೋ ಎಂದು ಎದೆ ಝಲ್ ಎಂದಿತು.

ನಮ್ಮಲ್ಲಿ ಚರಂಡಿಗೆ ಜೆಸಿಬಿ ಇಳಿದರೆ ಜನ ಬೈಕ್ ನಿಲ್ಲಿಸಿ ಗಂಟೆಗಟ್ಟಲೆ ನೋಡುತ್ತಾರೆ. ನಿಧಾನ ಆಯ್ತು ಅಂತ ಒಬ್ಬರೂ ಗೊಣಗಿದ್ದು ನಾನು ಕೇಳಿಲ್ಲ. ಅಲ್ಲಿ ನಡೆಯುವುದೆಲ್ಲ ಕಣ್ಣೆದುರೇ ನಡೆಯುತ್ತದೆ, ಅಲ್ವಾ? ಈ ಪಂದ್ಯವನ್ನು ಮಾತ್ರ ಮೊದಲೇ ಶೂಟ್ ಮಾಡಿಟ್ಟುಕೊಂಡು, ಕತ್ತರಿಸಿ, ಜೋಡಿಸಿ, ಕಾಮೆಂಟರಿ ಹಚ್ಚಿ ಅರ್ಧ ಗಂಟೆಯೊಳಗೆ ಮುಗಿಸಿದರು. ಅಲ್ಲೇ ಎಡವಿದ್ದು. ನಡುವೆ ಏನೇನು ಕೆಟ್ಟಿತು, ಸ್ಪ್ಯಾನರ್ ಹಿಡಿದು ಯಾರು ಓಡಿದರು, ಎಷ್ಟು ಹೊತ್ತು ರಿಪೇರಿ ಹಿಡಿಯಿತು, ಅದನ್ನೆಲ್ಲ ಇದ್ದ ಹಾಗೇ ತೋರಿಸಿದ್ದರೆ ನನ್ನಂಥವರು ಇಡೀ ದಿನ ಹಬ್ಬದೂಟ ಬಿಟ್ಟು ನೋಡುತ್ತಿದ್ದೆವು. ಅಂದಹಾಗೆ, 2012ರಲ್ಲಿ ಕುರಾಟಾಸ್ ಮೊದಲು ಜನರೆದುರು ಬಂದಾಗ ಅದರ ಪ್ಲಾಸ್ಟಿಕ್ ಗುಂಡಿನ ಗನ್ನು ಒಳಗಿದ್ದವರು ನಕ್ಕರೆ ಸಿಡಿಯುವಂತೆ ಮಾಡಿದ್ದರು. ಇಂಥ ತಮಾಷೆ ಇದ್ದವರ ಹತ್ತಿರ ನಾಟಕ ಆಡಿಸುವ ಅಗತ್ಯವೇನಿತ್ತೋ.

2019ರಲ್ಲಿ ಮೆಗಾಬಾಟ್ಸ್ ದಿವಾಳಿಯಾಗಿ ಈಗಲ್ ಪ್ರೈಮ್ ಇಬೇ ಎಂಬ ಜಾಲತಾಣದಲ್ಲಿ ಹರಾಜಿಗೆ ಬಂತು. ಎಲ್ಲರೂ ಅದರ ಗರಗಸ ನೋಡಿರಬೇಕು. ನಾನು ಮಾತ್ರ ಫೋಟೊ ದೊಡ್ಡದು ಮಾಡಿ ಹೋಸ್‌ಗಳನ್ನೇ ನೋಡುತ್ತ ಕೂತಿದ್ದೆ.

ಆ ಬರಹ ಬರೆದವರನ್ನು ಒಮ್ಮೆ ನಮ್ಮ ಶೆಡ್‌ಗೆ ಕಳಿಸಿಕೊಡಿ. ಒಂದು ಸಿಲಿಂಡರ್ ಬಿಚ್ಚಿ ತೋರಿಸುತ್ತೇನೆ. ಚಹಾ ನನ್ನದು, ಅಂಗಿಗೆ ಆಯಿಲ್ ಹತ್ತಿದರೆ ಮಾತ್ರ ನನ್ನನ್ನು ಕೇಳಬಾರದು.

— ಒಬ್ಬ ಹೈಡ್ರಾಲಿಕ್ ಮೆಕ್ಯಾನಿಕ್, ಹುಬ್ಬಳ್ಳಿ