ಅಲ್ಲಿನ ಸಮುದ್ರ ಖಾಲಿ ಬಿದ್ದಿಲ್ಲ

ಸಂಪಾದಕರೇ, ನಮಸ್ಕಾರ.

ಆಂಧ್ರದ ಕೃಷ್ಣಾ-ಗೋದಾವರಿ ತೀರದ ಅನಿಲದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಸಮುದ್ರದಲ್ಲಿ ಗ್ಯಾಸ್ ತೆಗೆದರೆ ಶರಾವತಿಯ ಹಾಗೆ ಯಾರ ಊರೂ ಮುಳುಗುವುದಿಲ್ಲ, ಯಾರಿಗೂ ತೊಂದರೆ ಇಲ್ಲ ಅಂತ ಬರೆದಿದ್ದೀರಿ.

ನಮ್ಮದು ಶರಾವತಿಯ ಲಿಂಗನಮಕ್ಕಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಬಂದ ಕುಟುಂಬ. ಅಣೆಕಟ್ಟು 1964ರಲ್ಲಿ ಮುಗಿಯಿತು, ನಮ್ಮ ಜಾಗದ ಹಕ್ಕುಪತ್ರದ ಓಡಾಟ ಇನ್ನೂ ಮುಗಿದಿಲ್ಲ. ಅದಕ್ಕೇ 'ಯಾರಿಗೂ ತೊಂದರೆ ಇಲ್ಲ' ಅಂತ ಯಾರಾದರೂ ಅಂದರೆ ನನಗೆ ಸುಮ್ನೆ ಇರೋಕೆ ಆಗಲ್ಲ.

ನಿಜ ಹೇಳಬೇಕೆಂದರೆ ಮೊದಲು ನಾನೂ ಹೂಂ ಅಂದವನೇ. ಮೊನ್ನೆ ಗಾಂಧಿ ಬಜಾರಿನಲ್ಲಿ ಟೀ ಕುಡಿಯುವಾಗ ಗೆಳೆಯನೊಬ್ಬ, ಶರಾವತಿಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಇಳಿಸಿ ಕರೆಂಟು ಮಾಡುವ ಯೋಜನೆ) ಯಾಕೆ ಬೇಕು ಮಾರಾಯ, ಸಂಜೆ ಹೊತ್ತಿನ ಕರೆಂಟಿಗೆ ಆಂಧ್ರದ ಕಡೆ ಗ್ಯಾಸ್ ತೆಗೆದು ಉರಿಸಲಿ, ನಮ್ಮ ಸಿಂಗಳೀಕಗಳಾದರೂ ಬದುಕುತ್ತವೆ ಅಂದ. ನಾನೂ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅರವತ್ತು ವರ್ಷದ ಹಿಂದೆ ಬೇರೆ ಊರಿನವರು ನಮ್ಮ ಬಗ್ಗೆ ಹೀಗೇ ಮಾತಾಡಿಕೊಂಡಿರಬೇಕು, ಅಲ್ವಾ?

ಆ ಡೆಲ್ಟಾ, ಅಂದರೆ ಕೃಷ್ಣೆ ಗೋದಾವರಿ ಸಮುದ್ರ ಸೇರುವ ಕಡೆಯ ಮಣ್ಣಿನ ನೆಲ, ನಮಗೆ ಪರಸ್ಥಳವೂ ಅಲ್ಲ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿ, ಮುಂದೆ ಕೃಷ್ಣೆಯನ್ನು ಕೂಡಿ, ನಮ್ಮ ನೀರು ಆಂಧ್ರದ ಹಂಸಲದೀವಿಯ ಹತ್ತಿರ ಸಮುದ್ರಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ತುಂಗೆ ಕೆಂಪಾಗಿ ಹರಿಯುತ್ತಾಳಲ್ಲ, ಅಂಥ ಮಣ್ಣೇ ಲಕ್ಷಾಂತರ ವರ್ಷ ಹೋಗಿ ಹೋಗಿ ಅಲ್ಲಿ ನೆಲವಾಗಿದೆ. ಈಗ ಅದರಲ್ಲಿ ಬಹಳಷ್ಟು ಹೊಸಪೇಟೆಯ ಅಣೆಕಟ್ಟಿನಲ್ಲೇ ಕೂರುತ್ತದೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಹಸಿ ಮಣ್ಣಿನ ನೆಲ ತನ್ನಷ್ಟಕ್ಕೇ ಸ್ವಲ್ಪ ಸ್ವಲ್ಪ ಕುಸಿಯುತ್ತಲೇ ಇರುತ್ತದೆ, ವರ್ಷವರ್ಷ ಹೊಸ ಮಣ್ಣು ಬಂದರೆ ಮಾತ್ರ ಅದು ಸಮುದ್ರಕ್ಕಿಂತ ಮೇಲೆ ನಿಲ್ಲುತ್ತದೆ. ಅಂಥ ಕಡೆ ಅಡಿಯಿಂದ ಗ್ಯಾಸ್ ಎಳೆದರೆ ಒಳಗಿನ ಒತ್ತಡ ತಗ್ಗುತ್ತದೆ, ಪದರಗಳು ಇನ್ನಷ್ಟು ಒತ್ತಿಕೊಳ್ಳಬಹುದು. ಇಟಲಿಯ ಪೋ ನದಿ ಡೆಲ್ಟಾದಲ್ಲಿ 1938ರಿಂದ ನೀರಿನ ಜೊತೆ ಮೀಥೇನ್ ಎತ್ತಿದರು. ನೆಲ ಕೆಲವು ಕಡೆ ಎರಡು ಮೀಟರಿಗಿಂತ ಜಾಸ್ತಿ ಇಳಿಯಿತು, 1961ರಲ್ಲಿ ಸರ್ಕಾರವೇ ನಿಲ್ಲಿಸಬೇಕಾಯಿತು. ಅದು ಮೇಲ್ಪದರದ ಗ್ಯಾಸ್, ಇಲ್ಲಿಯದು ತುಂಬಾ ಆಳದ್ದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಬರುವುದಿಲ್ಲ. ಆದರೂ ನೆಲ ಎಷ್ಟು ಇಳಿಯಿತು ಅಂತ ವರ್ಷಕ್ಕೊಮ್ಮೆ ಅಳೆದು ಆ ಊರಿನವರಿಗೆ ತಿಳಿಸುವುದಕ್ಕೆ ಏನು ಕಷ್ಟ?

ಇನ್ನು ತೊಂದರೆಯ ಮಾತು. ಗೋದಾವರಿ ಡೆಲ್ಟಾದ ಕೋನಸೀಮೆಯ ಪಾಸರ್ಲಪೂಡಿಯಲ್ಲಿ 1995ರ ಜನವರಿ 8ರಂದು ಗ್ಯಾಸ್ ಬಾವಿ ಸಿಡಿದು 65 ದಿನ ಉರಿಯಿತು. 2014ರ ಜೂನ್ 27ರಂದು ನಗರಂ ಎಂಬ ಊರಿನಲ್ಲಿ ತುಕ್ಕು ಹಿಡಿದ ಪೈಪ್‌ಲೈನ್‌ನಿಂದ ಗ್ಯಾಸ್ ಸೋರಿ ಬೆಂಕಿ ಹತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವೆರಡೂ ನೆಲದ ಮೇಲಿನವು ಅಂತ ನೀವು ಹೇಳಬಹುದು. ಸರಿ. ಆದರೆ ಸಮುದ್ರದ ಗ್ಯಾಸೂ ಕೊನೆಗೆ ದಡಕ್ಕೆ ಬರಲೇಬೇಕು, ಅದೇ ತೆಂಗಿನ ತೋಟ, ಕಾಂಡ್ಲಾ ಕಾಡು, ಕಾಲುವೆ ದಾಟಿಕೊಂಡೇ ಬರಬೇಕು. ಸಮುದ್ರವೂ ಖಾಲಿ ಇಲ್ಲ. ಸಣ್ಣ ದೋಣಿಯವರು ಮೀನು ಹಿಡಿಯುವುದು ದಡದ ಹತ್ತಿರ, ಆಳವಿಲ್ಲದ ನೀರಿನಲ್ಲೇ. ಸಮುದ್ರದಲ್ಲಿ ಗ್ಯಾಸ್ ತೆಗೆಯುವ ಕಟ್ಟೆ ಎದ್ದ ಕಡೆ ಸುತ್ತ 500 ಮೀಟರ್ ಒಳಗೆ ದೋಣಿ ಹೋಗುವ ಹಾಗಿಲ್ಲ. ಪೈಪ್‌ಲೈನ್ ಕೆಲಸದಿಂದ ದುಡಿಮೆ ಕಳೆದುಕೊಂಡ ಮೀನುಗಾರ ಕುಟುಂಬಗಳಿಗೆ 2022ರಲ್ಲಿ ತಿಂಗಳಿಗೆ 11,500 ರೂಪಾಯಿ ಲೆಕ್ಕದಲ್ಲಿ ಪರಿಹಾರ ಕೊಟ್ಟರು. ತೊಂದರೆಯೇ ಇಲ್ಲದಿದ್ದರೆ ಆ ದುಡ್ಡು ಯಾತಕ್ಕೆ ಸ್ವಾಮಿ?

ಮತ್ತೆ ಅಲ್ಲಿ ಇಷ್ಟು ಗ್ಯಾಸ್ ಇದೆ ಅನ್ನುವ ಆ ದೊಡ್ಡ ದೊಡ್ಡ ಅಂಕಿಗಳು. ಇದೇ ತೀರದ ಆಳವಿಲ್ಲದ ನೀರಿನಲ್ಲಿ 20 ಲಕ್ಷ ಕೋಟಿ ಘನ ಅಡಿ ಗ್ಯಾಸ್ ಇದೆ ಅಂತ 2005ರಲ್ಲಿ ಗುಜರಾತ್ ಸರ್ಕಾರದ ಕಂಪನಿಯ ಪರವಾಗಿ ಸಾರಿದರು. ಆಮೇಲೆ ಲೆಕ್ಕ ಹಾಕಿದಾಗ ಅದು ಹತ್ತನೇ ಒಂದು ಪಾಲಿನ ಆಸುಪಾಸಿಗೆ ಬಂತು. 2017ರಲ್ಲಿ ಆ ಗ್ಯಾಸ್ ಕ್ಷೇತ್ರದ 80 ಪರ್ಸೆಂಟ್ ಪಾಲನ್ನು ಕೇಂದ್ರ ಸರ್ಕಾರದ ತೈಲ ಕಂಪನಿ ಓಎನ್‌ಜಿಸಿ ಸಾವಿರಾರು ಕೋಟಿ ಕೊಟ್ಟು ಕೊಂಡಿತು. ಆಳ ಸಮುದ್ರದ ಡಿ6 ಎಂಬ ಗ್ಯಾಸ್ ಕ್ಷೇತ್ರ ಕೂಡ ಹಾಗೆಯೇ: 2009ರಲ್ಲಿ ಶುರುವಾದಾಗ ದಿನಕ್ಕೆ 8 ಕೋಟಿ ಘನ ಮೀಟರ್ ಅಂದಿದ್ದು, 6 ಕೋಟಿ ಮುಟ್ಟಿ, ಬಾವಿಗೆ ನೀರು ಮರಳು ನುಗ್ಗಿ ಸರ್ರನೆ ಇಳಿಯಿತು. ಅದನ್ನು ನಂಬಿ ಸಾಮರ್ಲಕೋಟದಲ್ಲಿ ಕಟ್ಟಿದ 2400 ಮೆಗಾವಾಟಿನ ಸ್ಥಾವರ ಗ್ಯಾಸ್ ಇಲ್ಲದೆ ನಿಂತಿತು. ಮತ್ತೆ ಸಿಕ್ಕಾಗ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಎರಡನೇ ಟೀ ತರಿಸಿದ, ಅಷ್ಟೆ.

ನಾನು ಗ್ಯಾಸ್ ವಿರೋಧಿ ಅಲ್ಲ. ನಮ್ಮ ಬೀದಿಯಲ್ಲೂ ಪೈಪಿನ ಗ್ಯಾಸಿಗೆ ಅಗೆದಿದ್ದಾರೆ, ಗುಂಡಿ ಮುಚ್ಚಿಲ್ಲ, ಆದರೂ ನಾನೇ ಮೊದಲು ಅರ್ಜಿ ಕೊಟ್ಟೆ. ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತಲು ಮಂಡಿ ಬಿಡುವುದಿಲ್ಲ. ಕೇಳುವುದಿಷ್ಟೇ, ಪರಿಹಾರ ಕೆಲಸಕ್ಕೆ ಮೊದಲೇ ಕೈಗೆ ಬರಲಿ, ಪೈಪ್ ಯಾವಾಗ ಪರೀಕ್ಷೆ ಆಯಿತು ಅಂತ ಆ ಊರಿನ ಪಂಚಾಯ್ತಿಯಲ್ಲಿ ತೆಲುಗಿನಲ್ಲೇ ಬರೆದು ಹಾಕಲಿ. ಮುಂದಿನ ಸಲ ಈ ವಿಷಯ ಬರೆಯುವಾಗ ನಿಮ್ಮ ವರದಿಗಾರರನ್ನು ಕಾಕಿನಾಡಕ್ಕೆ ಕಳಿಸಿ, ಕಂಪನಿಯ ಕಚೇರಿಗಿಂತ ಮೊದಲು ದೋಣಿ ಕಟ್ಟುವ ದಡಕ್ಕೆ ಹೋಗಲು ಹೇಳಿ.

ಇಂತಿ,
ನಿಮ್ಮ ಹಳೆಯ ಓದುಗ
ಶಿವಮೊಗ್ಗ