ನರಸಿಂಗ ರಾಯರನ್ನು ಕೋಲು ಮಾಡಿಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಸಂವಿಧಾನ ದಿನ ಹತ್ತಿರ ಬಂದರೆ ಸಾಕು, ಮೊಬೈಲಿಗೆ ಒಂದೇ ಬಗೆಯ ಸಂದೇಶ ನಾಲ್ಕಾರು ಕಡೆಯಿಂದ ಬಂದು ಬೀಳುತ್ತದೆ. ಸಂವಿಧಾನ ಬರೆದವರು ಅಂಬೇಡ್ಕರ್ ಅಲ್ಲವಂತೆ, ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್ ಅಂತೆ. ಈ ಸಲ ಅದನ್ನು ಕಳಿಸಿದವರಲ್ಲಿ ನನ್ನ ಹತ್ತಿರದ ನೆಂಟರೂ ಇದ್ದರು. ಕಾನೂನು ಓದುತ್ತಿರುವ ಮೊಮ್ಮಗಳು ಅದನ್ನು ತೋರಿಸಿ, "ಅಜ್ಜಿ, ಇದು ನಿಜವೇ? ಇವರು ಯಾರು?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ತಮ್ಮ ಓದುಗರಿಗೂ ಹೇಳಬೇಕೆನಿಸಿತು. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ಅಂಚೆ ಇಲಾಖೆಯಲ್ಲಿ ದುಡಿದವಳು. 1988ರಲ್ಲಿ ರಾಯರ ಸ್ಮರಣೆಯ ಅಂಚೆಚೀಟಿ ಬಂದಾಗ ಕೌಂಟರಿನಲ್ಲಿದ್ದೆ. ವಯಸ್ಸಾದ ವಕೀಲರೊಬ್ಬರು ಬಾಗಿಲು ತೆರೆಯುವ ಹೊತ್ತಿಗೇ ಬಂದು, ಬಿಡಿ ಚೀಟಿ ಬೇಡ, ಹಾಳೆಯನ್ನೇ ಕೊಡಿ ಎಂದರು. ಹಾಳೆ ಮಡಚಿ ಹೋಗದಂತೆ ಒಳಗಿಡಲು ಕೇಸಿನ ಫೈಲೊಂದನ್ನು ತಂದಿದ್ದರು. ಇವರು ಯಾರು ಸರ್ ಎಂದು ಕೇಳಿದೆ. ಸಾಲಿನಲ್ಲಿ ಜನ ಕಾಯುತ್ತಿದ್ದರೂ ಬಿಡದೆ ಹೇಳಿದರು. ಸಂವಿಧಾನದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಹೇಳಿದ್ದೆಲ್ಲ ಕೊರಿಯಾದ ಯುದ್ಧದ ಬಗ್ಗೆ. ಹೊರಡುವಾಗ ಹಾಳೆಯ ತುದಿಯಿಂದ ಒಂದು ಚೀಟಿ ಹರಿದು ನನ್ನ ಕೈಗಿತ್ತರು. ಅದು ಈಗಲೂ ನನ್ನ ಹತ್ತಿರ ಇದೆ. ಅಂದಿನಿಂದ ರಾಯರ ಬಗ್ಗೆ ಎಲ್ಲಿ ಏನು ಸಿಕ್ಕಿದರೂ ಓದುತ್ತ ಬಂದಿದ್ದೇನೆ.

ಮೊದಲು ಆ ಸಂದೇಶದ ವಿಚಾರ ಮುಗಿಸುತ್ತೇನೆ. ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು, ಸಂಬಳವಿಲ್ಲದೆ ದುಡಿದರು, 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟರು. ಇದನ್ನು ಯಾರೂ ಬಚ್ಚಿಟ್ಟಿಲ್ಲ. 1949ರ ನವೆಂಬರ್ 25ರಂದು ತುಂಬಿದ ಸಭೆಯಲ್ಲಿ, ತನಗೆ ಕೊಡುತ್ತಿರುವ ಶ್ರೇಯದಲ್ಲಿ ಒಂದು ಪಾಲು ಸರ್ ಬಿ.ಎನ್. ರಾವ್ ಅವರಿಗೆ ಸೇರಬೇಕು ಎಂದವರು ಸ್ವತಃ ಅಂಬೇಡ್ಕರ್. ಆ ಕರಡನ್ನು ಸಮಿತಿಯಲ್ಲಿ ತಿದ್ದಿ, ಬೆಳೆಸಿ, ಸಭೆಯಲ್ಲಿ ಒಂದೊಂದು ವಿಧಿಗೂ ಉತ್ತರ ಕೊಟ್ಟು ದಡ ಮುಟ್ಟಿಸಿದ ಭಾರ ಅಂಬೇಡ್ಕರರ ಹೆಗಲ ಮೇಲಿತ್ತು. ರಾಯರು ಅಷ್ಟರಲ್ಲಿ ವಿಶ್ವಸಂಸ್ಥೆಯ ಕೆಲಸಕ್ಕೆ ಹೊರಟುಹೋಗಿದ್ದರು. ಅವರಿಬ್ಬರ ನಡುವೆ ಇಲ್ಲದ ಜಗಳವನ್ನು ಇವತ್ತು ನಾವು ಹುಟ್ಟಿಸುತ್ತಿದ್ದೇವೆ. ಅಂಬೇಡ್ಕರರನ್ನು ಹೊಡೆಯಲು ರಾಯರನ್ನು ಕೋಲು ಮಾಡಿಕೊಂಡವರಿಗೆ ರಾಯರ ಬದುಕು ಗೊತ್ತಿಲ್ಲ ಎಂದೇ ನಾನು ಹೇಳುತ್ತೇನೆ. ಜಗಳ ಹಚ್ಚುವುದಕ್ಕಲ್ಲ, ಬಿಡಿಸುವುದಕ್ಕೆ ತೇದ ಬದುಕು ಅದು.

1887ರಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ, ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯಾದ ಐಸಿಎಸ್ ಸೇರಿ ಬಂಗಾಳ, ಅಸ್ಸಾಂಗಳಲ್ಲಿ ನ್ಯಾಯಾಧೀಶರೂ ಕಾನೂನು ಕಾರ್ಯದರ್ಶಿಯೂ ಆದದ್ದನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಆದರೆ ಸಿಂಧೂ ನದಿಯ ವಿಚಾರ ಹೇಳಲೇಬೇಕು. ಸಿಂಧೂವಿನ ಉಪನದಿ ಸಟ್ಲೆಜ್‌ಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಲು ಪಂಜಾಬ್ ಹೊರಟಾಗ ಕೆಳಗಿನ ಸಿಂಧ್ ಪ್ರಾಂತ್ಯ ತಕರಾರು ತೆಗೆಯಿತು. 1941ರಲ್ಲಿ ನೇಮಕವಾದ ಆಯೋಗಕ್ಕೆ ರಾಯರು ಅಧ್ಯಕ್ಷರು, ಜೊತೆಗೆ ಇಬ್ಬರು ಎಂಜಿನಿಯರುಗಳು. ಮರುವರ್ಷ ಬಂದ ವರದಿಯ ತಿರುಳು ಇಷ್ಟು: ಮೇಲೆ ಇದ್ದೇವೆಂದು ನೀರೆಲ್ಲ ನಮ್ಮದೆನ್ನುವ ಹಾಗಿಲ್ಲ, ಕೆಳಗೆ ಇದ್ದೇವೆಂದು ಮೇಲಿನವರು ಮುಟ್ಟಲೇಬಾರದೆನ್ನುವ ಹಾಗೂ ಇಲ್ಲ. ಮಾತಾಡಿ ಒಪ್ಪಂದಕ್ಕೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಬರಲಾಗದಿದ್ದರೆ ಆ ನದಿಯ ಸಂಗತಿಗಳನ್ನು ಅಳೆದು ನ್ಯಾಯಸಮ್ಮತವಾಗಿ ಹಂಚಬೇಕು. ಪಂಜಾಬಿನ ಯೋಜನೆಯಿಂದ ಸಿಂಧ್‌ನ ನೆರೆನೀರಿನ ಕಾಲುವೆಗಳಿಗೆ ಪೆಟ್ಟು ಬೀಳುತ್ತದೆಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆದರು. ಎರಡು ಪ್ರಾಂತ್ಯಗಳಿಗೂ ಸಮಾಧಾನವಾಗಲಿಲ್ಲ. ಆದರೆ ಕಾವೇರಿಯ ಗಲಾಟೆಯಲ್ಲಿ ನಮಗೆಲ್ಲ ಬಾಯಿಪಾಠವಾಗಿರುವ 'ನ್ಯಾಯಸಮ್ಮತ ಹಂಚಿಕೆ' ಎಂಬ ಮಾತು ಈ ದೇಶದ ನದಿ ವಿವಾದಗಳಲ್ಲಿ ಬೇರೂರಿದ್ದರಲ್ಲಿ ಆ ವರದಿಯ ಪಾಲು ದೊಡ್ಡದು. ಮಂಡ್ಯದ ರೈತರಿಗೂ ತಂಜಾವೂರಿನ ರೈತರಿಗೂ ಈ ಸಂಗತಿಯನ್ನು ಯಾರಾದರೂ ಹೇಳಬೇಕಿತ್ತು.

ಈಗ ಕೊರಿಯಾ. 1950ರ ಜೂನ್ 25, ಭಾನುವಾರ. ವಿಶ್ವಸಂಸ್ಥೆಗೆ ಆಗ ಇವತ್ತಿನ ಎತ್ತರದ ಕಟ್ಟಡ ಇರಲಿಲ್ಲ. ನ್ಯೂಯಾರ್ಕಿನ ಹೊರವಲಯದ ಲೇಕ್ ಸಕ್ಸೆಸ್ ಎಂಬಲ್ಲಿ, ಯುದ್ಧಕಾಲದಲ್ಲಿ ಸೇನೆಗೆ ಉಪಕರಣ ತಯಾರಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ ಭದ್ರತಾ ಮಂಡಳಿ ಕೂಡುತ್ತಿತ್ತು. ತಿಂಗಳಿಗೊಬ್ಬರಂತೆ ಬರುವ ಅಧ್ಯಕ್ಷತೆ ಆ ಜೂನಿನಲ್ಲಿ ಭಾರತದ್ದು. ಚೀನಾದ ಸ್ಥಾನವನ್ನು ಅಲ್ಲಿನ ಕಮ್ಯುನಿಸ್ಟ್ ಸರ್ಕಾರಕ್ಕೆ ಕೊಡಲಿಲ್ಲವೆಂದು ಸೋವಿಯತ್ ಒಕ್ಕೂಟ ಜನವರಿಯಿಂದಲೇ ಸಭೆ ಬಿಟ್ಟಿದ್ದರಿಂದ ಒಂದು ಕುರ್ಚಿ ಖಾಲಿ. ಎರಡು ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶವನ್ನು ಉತ್ತರ ಕೊರಿಯಾದ ಸೇನೆ ದಾಟಿದ ಸುದ್ದಿ ಬಂದು ಇನ್ನೂ ಒಂದು ದಿನವಾಗಿರಲಿಲ್ಲ. ಆ ಸಭೆ ನಡೆಸಿದವರು ನಮ್ಮ ರಾಯರು. ಕದನ ನಿಲ್ಲಿಸಿ ಹಿಂದೆ ಸರಿಯಿರಿ ಎಂಬ ನಿರ್ಣಯ ಅಂದೇ ಆಯಿತು, ಭಾರತ ಅದರ ಪರ ಇತ್ತು.

ಎರಡು ದಿನ ಬಿಟ್ಟು, ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ನೆರವು ಕೊಡಬೇಕೆಂಬ ನಿರ್ಣಯ ಬಂತು. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಅದನ್ನು ಹಿಂಜರಿಕೆ ಎಂದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ದೇಶದ ಹೆಸರಿನಲ್ಲಿ ಎತ್ತುವ ಕೈ ತನ್ನ ಸ್ವಂತದ್ದಲ್ಲ ಎಂದು ತಿಳಿದವರು ಹಾಗೆಯೇ ನಡೆದುಕೊಳ್ಳುತ್ತಾರೆ. ಆಮೇಲೆ ಭಾರತ ನಿರ್ಣಯವನ್ನು ಒಪ್ಪಿತು. ಕಾದುವ ಪಡೆಯನ್ನಲ್ಲ, ಗಾಯಾಳುಗಳನ್ನು ನೋಡುವ ವೈದ್ಯಕೀಯ ದಳವನ್ನು ಕಳಿಸಿತು.

ವರ್ಷದ ಕೊನೆಗೆ ಚೀನಾ ಉತ್ತರ ಕೊರಿಯಾದ ಪರ ಯುದ್ಧಕ್ಕಿಳಿದಿತ್ತು. ಅಣುಬಾಂಬಿನ ಮಾತು ಕೇಳಿಬರುತ್ತಿದ್ದ ದಿನಗಳವು. ಡಿಸೆಂಬರಿನಲ್ಲಿ ರಾಯರು ಏಷ್ಯಾ ಮತ್ತು ಅರಬ್ ದೇಶಗಳನ್ನು ಒಟ್ಟುಗೂಡಿಸಿ ಕದನವಿರಾಮದ ಪ್ರಸ್ತಾಪ ತಂದರು. ಅದರಿಂದ ಮೂವರ ಸಮಿತಿ ಹುಟ್ಟಿತು: ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ನಮ್ಮ ರಾಯರು. ನ್ಯೂಯಾರ್ಕಿಗೆ ಬಂದಿದ್ದ ಚೀನಾದ ನಿಯೋಗವನ್ನು ರಾಯರು ಮತ್ತೆ ಮತ್ತೆ ಕಂಡು ಮಾತಾಡಿದರು. ಬೀಜಿಂಗ್ ಆ ಸಮಿತಿಯನ್ನೇ ಒಪ್ಪಲಿಲ್ಲ. ಇತ್ತ ಅಮೆರಿಕಕ್ಕೆ ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ಅವಸರ. 1951ರ ಫೆಬ್ರವರಿ 1ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆ ನಿರ್ಣಯ ಮತಕ್ಕೆ ಬಂದಾಗ, ಸೋವಿಯತ್ ಬಣವನ್ನು ಬಿಟ್ಟರೆ ವಿರೋಧವಾಗಿ ನಿಂತದ್ದು ಭಾರತ ಮತ್ತು ಬರ್ಮಾ ಎರಡೇ. ಹೆಸರಿಟ್ಟು ಬೈದ ಮೇಲೆ ಮಾತುಕತೆಗೆ ಯಾರು ಬರುತ್ತಾರೆ? ಕದನವಿರಾಮಕ್ಕೆ 1953ರ ಜುಲೈವರೆಗೆ ಕಾಯಬೇಕಾಯಿತು, ಗೆರೆ ಹೆಚ್ಚುಕಡಿಮೆ ಯುದ್ಧ ಶುರುವಾದ ಜಾಗದಲ್ಲೇ ಬಿತ್ತು. ಆ ನಡುವೆ ಸತ್ತವರನ್ನು ನೆನೆದಾಗಲೆಲ್ಲ ನನಗೆ ಡಿಸೆಂಬರಿನ ಆ ಮೂವರು ಕಣ್ಣಮುಂದೆ ಬರುತ್ತಾರೆ.

1952ರ ಫೆಬ್ರವರಿಯಲ್ಲಿ ರಾಯರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠವೇರಿದ ಮೊದಲ ಭಾರತೀಯರು ಅವರು. ಆ ವರ್ಷ ಜಗತ್ತೇ ಕಣ್ಣಿಟ್ಟಿದ್ದ ಮೊಕದ್ದಮೆ ಬ್ರಿಟನ್ ಮತ್ತು ಇರಾನ್ ನಡುವಿನ ತೈಲ ಕಂಪನಿಯ ವಿವಾದ. ಹೊಸ ನ್ಯಾಯಾಧೀಶರಿಗೆ ಹೆಸರು ತರುವಂಥ ಮೊಕದ್ದಮೆ. ರಾಯರು ಕೂರಲಿಲ್ಲ. ಆ ವಿಚಾರ ಭದ್ರತಾ ಮಂಡಳಿಗೆ ಬಂದಾಗ ಭಾರತದ ಪ್ರತಿನಿಧಿಯಾಗಿದ್ದೆ, ಈಗ ತೀರ್ಪು ಕೊಡುವುದು ತರವಲ್ಲ ಎಂದು ದೂರ ಸರಿದರು. ಇದನ್ನು ಹೇಳಿದಾಗ ನನ್ನ ಮೊಮ್ಮಗಳು ಮೊಬೈಲನ್ನು ಕೆಳಗಿಟ್ಟಳು.

1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ರಾಯರು ತೀರಿಕೊಂಡರು. ಕದನವಿರಾಮವಾಗಿ ನಾಲ್ಕು ತಿಂಗಳು ಕಳೆದಿದ್ದವು. ಆ ಹೊತ್ತಿನಲ್ಲಿ ಕೊರಿಯಾದ ಚಳಿಯಲ್ಲಿ, ಊರಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಕೊಡಗಿನ ಜನರಲ್ ತಿಮ್ಮಯ್ಯನವರು ಕೆಲಸ ಮಾಡುತ್ತಿದ್ದರು. ಮಂಗಳೂರಿನವರು ಮಾತಿನಲ್ಲಿ ಹಿಡಿದ ಕೆಲಸವನ್ನು ಮಡಿಕೇರಿಯವರು ಮೈದಾನದಲ್ಲಿ ಮಾಡುತ್ತಿದ್ದರು. ಈ ಎರಡು ಹೆಸರುಗಳನ್ನು ಒಂದೇ ಸಾಲಿನಲ್ಲಿ ನಾನು ಇದುವರೆಗೆ ಕನ್ನಡದ ಯಾವ ಪತ್ರಿಕೆಯಲ್ಲೂ ಓದಿಲ್ಲ.

ನನ್ನ ಕೋರಿಕೆ ಎರಡೇ. ಆ ಸಂದೇಶವನ್ನು ಮುಂದಕ್ಕೆ ಕಳಿಸುವವರು ದಯವಿಟ್ಟು ನಿಲ್ಲಿಸಲಿ. ತಮ್ಮ ಪತ್ರಿಕೆ ನವೆಂಬರ್ 26ರ ವಿಶೇಷ ಪುಟವನ್ನು ಎಂದಿನಂತೆ ಅಂಬೇಡ್ಕರರಿಗೂ ಸಂವಿಧಾನಕ್ಕೂ ಮೀಸಲಿಡಲಿ. ನಾಲ್ಕು ದಿನ ಬಿಟ್ಟು, 30ರಂದು, ಅರ್ಧ ಪುಟವನ್ನಾದರೂ ರಾಯರ ಕೊರಿಯಾ, ಸಿಂಧೂ, ಹೇಗ್‌ಗಳಿಗೆ ಕೊಡಲಿ. ಚಿತ್ರ ಬೇಕಾದರೆ ನನ್ನಲ್ಲಿರುವ ಅಂಚೆಚೀಟಿಯನ್ನು ತಮ್ಮ ಕಚೇರಿಗೆ ನಾನೇ ತಂದು ತೋರಿಸುತ್ತೇನೆ. ಮುದ್ರೆ ಬೀಳದ ಚೀಟಿ, ಅಂಚು ಸ್ವಲ್ಪವೂ ಹರಿದಿಲ್ಲ.

ಇಂತಿ,
ನಿವೃತ್ತ ಅಂಚೆ ಉದ್ಯೋಗಿ, ಮಂಗಳೂರು