ಐದು ಅಂದರೆ ಫೇಲ್, ಅಪ್ಪ

ಗೋಟಿಂಗೆನ್, ಜರ್ಮನಿ
ಮಾರ್ಚ್, ಭಾನುವಾರ ಸಂಜೆ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟ,

"ತೀರ್ಥರೂಪು ತಂದೆಯವರಿಗೆ ಬೇಡುವ ಆಶೀರ್ವಾದಗಳು" ಅಂತ ಶುರು ಮಾಡೋಣ ಅಂದುಕೊಂಡೆ. ಹಾಗೆ ಬರೆದರೆ ಇಲ್ಲೇನೋ ಎಡವಟ್ಟಾಗಿದೆ ಅಂತ ಅಮ್ಮ ಗಾಬರಿ ಬೀಳುತ್ತಾಳೆ. ಈಗ ಏನೂ ಆಗಿಲ್ಲ. ಆಗಿದ್ದು ಹೋದ ವರ್ಷ. ಅದನ್ನೂ ಈ ಪತ್ರದಲ್ಲೇ ಹೇಳಿಬಿಡುತ್ತೇನೆ.

ಮೊನ್ನೆ ವಿಡಿಯೋ ಕಾಲಿನಲ್ಲಿ ಅಪ್ಪ ಕೇಳಿದಿರಿ: "ಕ್ಯಾಲ್ಕುಲಸ್ ಪಿಯುಸಿಯಲ್ಲೇ ಮುಗಿಸಿದ್ದೆಯಲ್ಲ, ನೂರಕ್ಕೆ ನೂರು ಬಂದಿತ್ತು. ಮೂರು ಸೆಮಿಸ್ಟರ್ ಆಯ್ತು, ಇನ್ನೂ ಅದನ್ನೇ ಓದ್ತಿದ್ದೀಯಾ?" ಪುಟ್ಟ ಹಿಂದೆ ನಿಂತು ಕಿಸಕ್ಕಂತ ನಕ್ಕ. ಆಗ ಉತ್ತರ ಹೊಳೆಯಲಿಲ್ಲ, ನೆಟ್‌ವರ್ಕ್ ಸರಿ ಇಲ್ಲ ಅಂದುಬಿಟ್ಟೆ. ನೆಟ್‌ವರ್ಕ್ ಸರಿಯಾಗೇ ಇತ್ತು.

ಮೊದಲು ತಪ್ಪೊಪ್ಪಿಗೆ. ಹೋದ ವರ್ಷ ಫೆಬ್ರವರಿಯಲ್ಲಿ ಮೊದಲ ಪರೀಕ್ಷೆಯ ರಿಸಲ್ಟ್ ಬಂದಾಗ ಫೋನ್ ಮಾಡಿ "ಐದು ಬಂತು" ಅಂದಿದ್ದೆ, ನೆನಪಿದೆಯಾ? ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಅಂಚಿನಲ್ಲಿ ಪಾಸು, 5 ಅಂದರೆ ಫೇಲ್. ಐದಕ್ಕೆ ಐದು ಅಂತ ನೀವು ತಿಳಿದುಕೊಂಡಿರಿ, ನಾನು ತಿದ್ದಲಿಲ್ಲ. ಮಾರ್ಚ್ ಕೊನೆಗೆ ಮತ್ತೆ ಬರೆದೆ, 2.7 ಬಂತು. ದೀಪ ಒಂದು ತಿಂಗಳು ಮುಂಚೆಯೇ ಉರಿದಿತ್ತು, ಅಷ್ಟೆ.

ಇಲ್ಲಿ ಬಿ.ಎಸ್ಸಿ. ಆರು ಸೆಮಿಸ್ಟರ್. ಮೊದಲ ಸೆಮಿಸ್ಟರಿನಲ್ಲಿ ಎರಡೇ ದೊಡ್ಡ ಪೇಪರ್. ಹುಡುಗರ ಬಾಯಲ್ಲಿ ಒಂದು "ಡಿಫ್", ಇನ್ನೊಂದು "ಆಗ್ಲಾ". ಡಿಫ್ ಅಂದರೆ ಡಿಫರೆನ್ಷಿಯಲ್, ಇಂಟಿಗ್ರಲ್ ಕ್ಯಾಲ್ಕುಲಸ್. ಆಗ್ಲಾ ಅಂದರೆ ಅನಲಿಟಿಕ್ ಜಾಮೆಟ್ರಿ ಮತ್ತು ಲೀನಿಯರ್ ಆಲ್ಜೀಬ್ರಾ. ವಾರಕ್ಕೊಂದು ಪ್ರಶ್ನೆ ಹಾಳೆ ಕೊಡುತ್ತಾರೆ. ಅದರಲ್ಲಿ ಒಟ್ಟು ಅರ್ಧ ಅಂಕವಾದರೂ ಗಿಟ್ಟದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಡಿಫ್ ಅಂತ ಹೆಸರು ಕೇಳಿ, ಇದು ನನಗೆ ನೀರು ಕುಡಿದಷ್ಟು ಸಲೀಸು ಅಂತ ಆರಾಮಾಗಿದ್ದೆ.

ಶುರುವಿನ ಹಾಳೆಗಳಲ್ಲೇ ಒಂದು ಪ್ರಶ್ನೆ: ಎಕ್ಸ್ ಸ್ಕ್ವೇರ್ ಸಮ 2, ಇದಕ್ಕೆ ಉತ್ತರ ಇದೆ ಅಂತ ತೋರಿಸಿ. ನಾನು ಅಪ್ಪ ಬೋರ್ಡಿನ ಮೇಲೆ ಬರೆಯುವ ಹಾಗೆ ಚೆಂದದ ಗ್ರಾಫ್ ಬರೆದೆ. ಎಕ್ಸ್ ಸ್ಕ್ವೇರ್‌ನಿಂದ 2 ಕಳೆದರೆ, ಎಕ್ಸ್ 1 ಇದ್ದಾಗ ಗೆರೆ ಸೊನ್ನೆಗಿಂತ ಕೆಳಗೆ, 2 ಇದ್ದಾಗ ಮೇಲೆ. ಕೆಳಗಿನಿಂದ ಮೇಲೆ ಹೋಗುವಾಗ ನಡುವೆ ಎಲ್ಲೋ ಸೊನ್ನೆಯನ್ನು ದಾಟಲೇಬೇಕು. ಮುಗೀತು. ಹಾಳೆ ವಾಪಸ್ ಬಂದಾಗ ಆ "ದಾಟಲೇಬೇಕು"ವಿನ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಒಂದೇ ಪದ: "ವಾರುಮ್?" ಯಾಕೆ? ಅಂಕ ಸೊನ್ನೆ.

ಕೋಪ ಬಂತು. ಹಾಳೆ ತಿದ್ದುವವರು ಇಲ್ಲಿ ನಮಗಿಂತ ಎರಡು ವರ್ಷ ದೊಡ್ಡ ಹುಡುಗರೇ. ಹೋಗಿ ಕೇಳಿದೆ. ಆ ಹುಡುಗ ನನ್ನ ಗ್ರಾಫ್ ತೋರಿಸಿ, "ಈ ಅಡ್ಡ ಗೆರೆಯ ಮೇಲೆ ಬರೀ ಭಿನ್ನರಾಶಿಗಳನ್ನು ಉಳಿಸಿ ಮಿಕ್ಕಿದ್ದೆಲ್ಲ ಅಳಿಸಿಬಿಡು" ಅಂದ. ಅಳಿಸಿದರೂ ಗೆರೆ ನೋಡಲು ಹಾಗೇ ಇರುತ್ತದೆ. ಎಷ್ಟು ಹತ್ತಿರದ ಎರಡು ಚುಕ್ಕಿ ತಗೊಂಡರೂ ನಡುವೆ ಮತ್ತೊಂದು ಭಿನ್ನರಾಶಿ ಇದ್ದೇ ಇದೆ. "ಈಗ ನಿನ್ನ ಗ್ರಾಫ್ ಎಲ್ಲಿ ದಾಟಿತು?" ಎಲ್ಲೂ ಇಲ್ಲ! ಕೆಳಗಿತ್ತು, ಮೇಲೆ ಬಂತು, ಸೊನ್ನೆಯನ್ನು ಮುಟ್ಟಲೇ ಇಲ್ಲ. 2ರ ವರ್ಗಮೂಲ ಭಿನ್ನರಾಶಿ ಅಲ್ಲವಲ್ಲ, ಅಲ್ಲಿ ತೂತು. ಹಾಗಾದರೆ ನಾವು ಸ್ಕೂಲಿನಿಂದ ಎಳೆಯುತ್ತಾ ಬಂದ ಗೆರೆಯಲ್ಲಿ ತೂತಿಲ್ಲ ಅಂತ ಹೇಳಿದವರು ಯಾರು? ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇದು ದೊಡ್ಡವರಿಗೂ ಕಾಡಿದ ಪ್ರಶ್ನೆ ಅಪ್ಪ. ಡೆಡೆಕಿಂಡ್ ಅಂತ ಒಬ್ಬರಿದ್ದರು, ಇದೇ ಗೋಟಿಂಗೆನ್‌ನಲ್ಲಿ ದೊಡ್ಡ ಗಣಿತಜ್ಞ ಗೌಸ್ ಹತ್ತಿರ ಪಿಎಚ್.ಡಿ. ಮಾಡಿದವರು. 1858ರಲ್ಲಿ ಜೂರಿಕ್‌ನಲ್ಲಿ ಕ್ಯಾಲ್ಕುಲಸ್ ಪಾಠ ಮಾಡುತ್ತಿದ್ದರು, ಆಗ 27 ವರ್ಷ. ಪಾಠ ಮಾಡುವಾಗ ಪ್ರತಿ ಸಲವೂ ಚಿತ್ರ ತೋರಿಸಿ ತೇಲಿಸಬೇಕಾಗುತ್ತದಲ್ಲ ಅಂತ ಅವರಿಗೇ ಕಸಿವಿಸಿ. ಆ ವರ್ಷ ನವೆಂಬರ್ 24ಕ್ಕೆ ದಾರಿ ಹೊಳೆಯಿತು. ತೂತಿಲ್ಲದ ಸಂಖ್ಯೆಗಳನ್ನು ಭಿನ್ನರಾಶಿಗಳಿಂದಲೇ ಕಟ್ಟಿ ತೋರಿಸಿದರು. ಅಚ್ಚು ಹಾಕಿಸಿದ್ದು 1872ರಲ್ಲಿ. ನ್ಯೂಟನ್, ಲೈಬ್ನಿಟ್ಸ್ ಕ್ಯಾಲ್ಕುಲಸ್ ಕಂಡುಹಿಡಿದು ಆಗಲೇ ಸುಮಾರು 200 ವರ್ಷ ಆಗಿತ್ತು! ಮನೆ ಕಟ್ಟಿ, ಗೃಹಪ್ರವೇಶ ಮಾಡಿ, ಮೊಮ್ಮಕ್ಕಳ ಮದುವೆಯನ್ನೂ ಮಾಡಿ, ಆಮೇಲೆ ಅಡಿಪಾಯ ಹಾಕಿದ ಹಾಗೆ.

ನಮ್ಮ ಕ್ಲಾಸಿನಲ್ಲಿ ಮಾತ್ರ ಎಲ್ಲಾ ತಿರುಗುಮುರುಗು. ಅಕ್ಟೋಬರಿನಲ್ಲಿ ಡೆಡೆಕಿಂಡ್ ಕಾಲದ ಮಾತು. ನವೆಂಬರಿನಲ್ಲಿ ಸೀಕ್ವೆನ್ಸ್ (ಸಂಖ್ಯೆಗಳ ಸಾಲು), ಲಿಮಿಟ್ (ಆ ಸಾಲು ತಲುಪುವ ಬೆಲೆ), ಅಂದರೆ 1821ರ ಫ್ರೆಂಚ್ ಗಣಿತಜ್ಞ ಕೋಶಿ. ನ್ಯೂಟನ್ ಡಿರೈವೇಟಿವ್ (ಬದಲಾವಣೆಯ ವೇಗ) ತಗೊಂಡು ಬರುವ ಹೊತ್ತಿಗೆ ಹೊರಗೆ ಹಿಮ ಬೀಳುತ್ತಿತ್ತು. ಕಟ್ಟಿದ್ದು ಮೇಲಿನಿಂದ ಕೆಳಗೆ, ಕಲಿಸುವುದು ಕೆಳಗಿನಿಂದ ಮೇಲೆ. ಇದು ನನಗೆ ಆಗ ಗೊತ್ತಿದ್ದರೆ ಅಷ್ಟು ಒದ್ದಾಡುತ್ತಿರಲಿಲ್ಲ. ನಾನು ಮಾಡಿದ್ದೇನು? ನಲವತ್ತು ಪ್ರೂಫ್ ಬಾಯಿಪಾಠ. ಪರೀಕ್ಷೆಯಲ್ಲಿ ಒಂದು ಷರತ್ತು ತೆಗೆದು, "ಈಗಲೂ ಇದು ನಿಜವೇ?" ಅಂತ ಕೇಳಿದರು. ಮಗ್ಗಿ ಹೇಳುವಾಗ ನಡುವೆ ಯಾರೋ ಕೆಮ್ಮಿದರೆ ಆಗುತ್ತದಲ್ಲ, ಹಾಗಾಯಿತು.

ಅತ್ತ ಆಗ್ಲಾದಲ್ಲಿ ಬೇರೆ ಗೋಳು. ವೆಕ್ಟರ್ ಅಂದರೆ ಬಾಣದ ಗುರುತು ಅಂತ ಓದಿಕೊಂಡು ಬಂದವರು ನಾವು. ಇಲ್ಲಿ ಬಂದ ಕೂಡಲೇ ಪಾಲಿನಾಮಿಯಲ್ (ಎಕ್ಸ್, ಎಕ್ಸ್ ಸ್ಕ್ವೇರ್ ಇಂಥವನ್ನು ಕೂಡಿಸಿದ್ದು) ಕೂಡ ವೆಕ್ಟರ್, ಫಂಕ್ಷನ್ ಕೂಡ ವೆಕ್ಟರ್. ಕೂಡಿಸಲು, ಗುಣಿಸಿ ಹಿಗ್ಗಿಸಲು ಬಂದರೆ ಸಾಕಂತೆ. ಇದೆಲ್ಲ ಸುಮ್ನೆ ದೊಡ್ಡಸ್ತಿಕೆ ಅಂತ ಬೈದುಕೊಂಡೇ ಹಾಳೆ ತುಂಬಿಸಿದೆ. ಎರಡೂ ಪೇಪರ್‌ಗೆ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟ ಹಾಗೆ ಅವು ಒಂದು ಸೆಮಿಸ್ಟರ್ ಪೂರ್ತಿ ಇದ್ದವು.

ಸಂಬಂಧ ಕಂಡಿದ್ದು ಎರಡನೇ ಸೆಮಿಸ್ಟರಿನ ಕೊನೆಗೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪುಟ್ಟ ಪೆನ್ನು ಹಿಡಿದು ಕೂರಲಿ.

2ರ ವರ್ಗಮೂಲ ಬೇಕು. 1 ಅಂತ ಊಹೆ ಮಾಡು. 2ನ್ನು ಊಹೆಯಿಂದ ಭಾಗಿಸು, 2 ಬಂತು. ಊಹೆಗೂ ಅದಕ್ಕೂ ಸರಾಸರಿ ತಗೋ: 3/2. ಈಗ ಇದೇ ಹೊಸ ಊಹೆ, ಮತ್ತೆ ಅದನ್ನೇ ಮಾಡು: 17/12. ಇನ್ನೊಂದು ಸಲ: 577/408, ಅಂದರೆ 1.414215 ಚಿಲ್ಲರೆ. ಅಪ್ಪ, ಈ 577/408 ನಿಮಗೆ ಗುರುತು ಸಿಗಬೇಕು. ಶುಲ್ಬಸೂತ್ರದಲ್ಲಿ ಯಜ್ಞವೇದಿಯ ಅಳತೆಗೆ ಬೌಧಾಯನ ಕೊಟ್ಟ ಬೆಲೆ ಕೂಡಿ ಕಳೆದರೆ ಇದೇ! ನೀವೇ ಒಂದು ಸಲ ಹೇಳಿದ್ದಿರಿ. ಇಲ್ಲಿ ನೋಡಬೇಕಾದ್ದು ಏನೆಂದರೆ, ಪ್ರತಿ ಹೆಜ್ಜೆಯೂ ಭಿನ್ನರಾಶಿ, ತಲುಪುವ ಊರು ಮಾತ್ರ ಭಿನ್ನರಾಶಿ ಅಲ್ಲ. ಗೆರೆಯಲ್ಲಿ ತೂತಿದ್ದಿದ್ದರೆ ಬಸ್ಸು ಹೊರಟೇ ಇರುತ್ತಿತ್ತು, ಸ್ಟ್ಯಾಂಡೇ ಇರುತ್ತಿರಲಿಲ್ಲ.

ಈಗ ಸಂಖ್ಯೆ ಬಿಟ್ಟು ಫಂಕ್ಷನ್‌ಗೆ ಬಾ. ತನ್ನ ಡಿರೈವೇಟಿವ್ ತಾನೇ ಆಗಿರುವ, ಸೊನ್ನೆಯಲ್ಲಿ ಬೆಲೆ 1 ಇರುವ ಒಂದು ಫಂಕ್ಷನ್ ಬೇಕು. ಮೊದಲ ಊಹೆ ಬರೀ 1. ಅದನ್ನು ಇಂಟಿಗ್ರೇಟ್ ಮಾಡಿ 1 ಸೇರಿಸು: 1 ಕೂಡಿಸು ಎಕ್ಸ್. ಮತ್ತೆ ಮಾಡು, ಎಕ್ಸ್ ಸ್ಕ್ವೇರ್‌ನ ಅರ್ಧ ಬಂದು ಕೂಡಿಕೊಳ್ಳುತ್ತದೆ. ಮತ್ತೆ ಮಾಡು, ಎಕ್ಸ್ ಕ್ಯೂಬ್‌ನ ಆರನೇ ಒಂದು ಭಾಗ. ಪ್ರತಿ ಹೆಜ್ಜೆಯೂ ಪಾಲಿನಾಮಿಯಲ್, ತಲುಪುವ ಊರು ಪಾಲಿನಾಮಿಯಲ್ ಅಲ್ಲ, ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡಿದ ಎಕ್ಸ್‌ಪೊನೆನ್ಷಿಯಲ್. ಮತ್ತೆ ಅದೇ ಪ್ರಶ್ನೆ: ಊರು ಇದೆಯಾ, ತೂತಾ? ಅದನ್ನು ಕೇಳಬೇಕಾದರೆ ಫಂಕ್ಷನ್‌ಗಳನ್ನು ಚುಕ್ಕಿಗಳ ಹಾಗೆ ನೋಡಬೇಕು, ಎರಡು ಫಂಕ್ಷನ್‌ಗಳ ನಡುವೆ ದೂರ ಅಳೆಯಬೇಕು. ಫಂಕ್ಷನ್ ಕೂಡ ವೆಕ್ಟರ್ ಅಂತ ಆಗ್ಲಾದಲ್ಲಿ ಹೇಳಿದ್ದು ಇದಕ್ಕೆ! ಅವುಗಳ ಲೋಕದಲ್ಲೂ ತೂತಿಲ್ಲ ಅಂತ ಸಾಬೀತು ಮಾಡುವುದಕ್ಕೆ ಮೊದಲ ಸೆಮಿಸ್ಟರಿನ ಡಿಫ್ ಬೇಕು. ಬೋರ್ಡಿನ ಮೇಲೆ ಆ ಪ್ರೂಫ್ ಮುಗಿದಾಗ ಎಲ್ಲರೂ ಬೆಂಚು ಕುಟ್ಟಿದರು. ಇಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಪಾಠ ಮುಗಿದಾಗ ಬೆರಳ ಗಂಟಿನಿಂದ ಮೇಜು ಕುಟ್ಟುತ್ತಾರೆ. ನಾನು ಸ್ವಲ್ಪ ಜಾಸ್ತಿಯೇ ಕುಟ್ಟಿದೆ. ರೂಮಿಗೆ ಬಂದು ಆ ಕೆಂಪು "ವಾರುಮ್" ಹಾಳೆ ಹುಡುಕಿ ಗೋಡೆಗೆ ಅಂಟಿಸಿದೆ.

ಹಾಗಾಗಿ ಅಪ್ಪ, ಹೌದು, ಅದನ್ನೇ ಓದುತ್ತಿದ್ದೇನೆ. ಮೂರನೇ ಸೆಮಿಸ್ಟರಿನಲ್ಲೂ ಇಂಟಿಗ್ರಲ್ಲೇ. ಪಿಯುಸಿಯ ಇಂಟಿಗ್ರಲ್‌ಗೆ ಗಟ್ಟಿ ಅರ್ಥ ಕೊಟ್ಟವರಲ್ಲಿ ರೀಮಾನ್ ಒಬ್ಬರು, 1854ರಲ್ಲಿ, ಇದೇ ಊರಿನಲ್ಲಿ. ಭಿನ್ನರಾಶಿಗೆ 1, ಮಿಕ್ಕಿದ್ದಕ್ಕೆಲ್ಲ 0 ಅನ್ನುವ ತುಂಟ ಫಂಕ್ಷನ್ ಕೊಟ್ಟರೆ ಅವರ ಇಂಟಿಗ್ರಲ್ ಕೈಚೆಲ್ಲುತ್ತದೆ. ಅದಕ್ಕೆ 1902ರಲ್ಲಿ ಲೆಬೆಗ್ ಬಂದು ಹೊಸ ತಕ್ಕಡಿ ಮಾಡಿದರು. ಆ ತಕ್ಕಡಿಯಲ್ಲಿ ಉತ್ತರ ಸೊನ್ನೆ. ಪ್ರಾಬಬಿಲಿಟಿ ಕೂಡ ಅದರ ಮೇಲೇ ನಿಂತಿದೆ. ಆಲ್ಜೀಬ್ರಾ ಬೇರೆಯೇ ದಾರಿ ಹಿಡಿದಿದೆ, ಅದು ಇನ್ನೊಂದು ಪತ್ರಕ್ಕೆ.

ಪುಟ್ಟ ಮೈಸೂರಿನಲ್ಲಿ ಬಿ.ಎಸ್ಸಿ. ಸೇರಿದರೆ "ಯಾವುದನ್ನು ಸ್ಕಿಪ್ ಮಾಡಬಹುದು" ಅಂತ ಕೇಳಿದ್ದ. ಸ್ಕಿಪ್ ಮಾಡಿದ್ದು ಒಂದೂವರೆ ವರ್ಷ ಬಿಟ್ಟು ಬಾಗಿಲು ತಟ್ಟುತ್ತದೆ ಕಣೋ. ಆದರೆ ಇಲ್ಲಿಯದೇ ಸರಿ, ನಮ್ಮದು ತಪ್ಪು ಅಂತಲೂ ನಾನು ಹೇಳಲಾರೆ. ಇಲ್ಲಿನ ಹುಡುಗರಿಗೆ ಪ್ರೂಫ್ ಬರುತ್ತದೆ, ಒಂದು ಇಂಟಿಗ್ರಲ್ ಲೆಕ್ಕ ಮಾಡು ಅಂದರೆ ಹತ್ತು ನಿಮಿಷ ಪೆನ್ನು ಕಚ್ಚುತ್ತಾರೆ. ನನ್ನ ಜೊತೆ ಹಾಳೆ ಬರೆಯುವ ಹುಡುಗಿ, ಲೆಕ್ಕ ಬಂದಾಗೆಲ್ಲ ಹಾಳೆಯನ್ನು ನನ್ನ ಕಡೆ ತಳ್ಳುತ್ತಾಳೆ. ಅಪ್ಪ ಬೆಳಗಿನ ಜಾವ ಎಬ್ಬಿಸಿ ಮಾಡಿಸಿದ್ದು ಕೈಯಲ್ಲಿ ಹಾಗೇ ಇದೆ.

ಅಮ್ಮ, ಚಟ್ನಿಪುಡಿ ಮುಗಿಯಿತು. ಬೇಸಿಗೆಯಲ್ಲಿ ಯಾರಾದರೂ ಈ ಕಡೆ ಬಂದರೆ ಕಳಿಸು.

ಪುಟ್ಟನಿಗೆ ಒಂದು ಕೆಲಸ. ಆ ಸರಾಸರಿ ಆಟವನ್ನೇ 2ರ ಬದಲು ಮೈನಸ್ 2 ಇಟ್ಟು ಮಾಡು. 1ರಿಂದ ಶುರು ಮಾಡಿದರೆ ಮೈನಸ್ 0.5, ಆಮೇಲೆ 1.75, ಆಮೇಲೆ 0.30 ಚಿಲ್ಲರೆ, ಆಮೇಲೆ ಧಡಕ್ಕನೆ ಮೈನಸ್ 3.14 ಚಿಲ್ಲರೆ. ಹತ್ತು ಹೆಜ್ಜೆ ಮುಂದೆ ಹೋಗಿ ನೋಡು, ಎಲ್ಲಾದರೂ ಕಾಲೂರುತ್ತದಾ ಅಂತ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಅಮೋಘವರ್ಷನ ಕಾಲದಲ್ಲೇ, 850ರ ಸುಮಾರಿಗೆ, ನಮ್ಮ ಮಹಾವೀರಾಚಾರ್ಯರು ಹೇಳಿಬಿಟ್ಟಿದ್ದಾರೆ ಅಂತ ಅಪ್ಪ ಉತ್ತರ ಕೊಡುತ್ತಾರೆ. ಆಗ ನೀನು ಕೆಂಪು ಪೆನ್ನು ತಗೊಂಡು "ವಾರುಮ್?" ಅಂತ ಬರೆದು ಅವರ ಮುಂದೆ ಇಡು. ಅವರು ಏನಂದರು ಅಂತ ನನಗೆ ಮೆಸೇಜ್ ಮಾಡು.

ನಿಮ್ಮ,
ದೊಡ್ಡದು